ಬಂಡೆಯ ಸುತ್ತ ಜೋಳ

ಎರಡು ಕಲ್ಲುಚಪ್ಪಡಿಗಳ ನಡುವಿನ ಸಂದಿಯಲ್ಲಿ ಗೇಣುದ್ದದ ಒಂದು ಸಸಿ. ಎಲೆಯ ನಡುವೆ, ಬುಡದಿಂದ ತುದಿಯವರೆಗೆ, ಸುಣ್ಣದ ದಾರ ಎಳೆದಂತೆ ಒಂದು ಬಿಳಿ ನರ. ಬಾಗಿ ಎಲೆಯ ತುದಿ ಚಿವುಟಿ, ಉಗುರಿನಲ್ಲಿ ಹಿಸುಕಿ ಮೂಗಿಗೆ ಹಿಡಿದೆ. ಹಸಿ ಜೋಳದ ವಾಸನೆ. ಸ್ವಲ್ಪ ಸಿಹಿ, ಸ್ವಲ್ಪ ಒಗರು.

ಜೊತೆಗಿದ್ದ ಕಂಪನಿಯ ಅಧಿಕಾರಿ ಮುಜುಗರಪಟ್ಟು, “ಸಾರಿ ಮೇಡಮ್, ಕಳೆ. ಇವತ್ತೇ ತೆಗೆಸುತ್ತೇನೆ” ಎಂದು ಹಿಂದಿಯಲ್ಲಿ ಹೇಳಿದರು.

“ಬೇಡ, ಇರಲಿ” ಎಂದೆ. ಕಾರಣ ಹೇಳಲಿಲ್ಲ. ಕಾರಣ ಉದ್ದವಿತ್ತು.

ಇದು ಕಳೆದ ವಾರದ ಮಾತು. ಮಾದಾಪುರದ ಆಚೆಗಿರುವ ಆ ಸಾಫ್ಟ್‌ವೇರ್ ಕಂಪನಿ ಇನ್ನೊಂದು ಕಟ್ಟಡ ಕಟ್ಟುತ್ತಿದೆ. ಅದರ ತೋಟದ ವಿನ್ಯಾಸದ ಮಾತುಕತೆಗೆ ನನ್ನನ್ನು ಕರೆದಿದ್ದರು. ಅಲ್ಲಿನ ಹಳೆಯ ಅಂಗಳ ನನಗೆ ಗೊತ್ತಿದ್ದ ಜಾಗ. ಹೈದರಾಬಾದಿಗೆ ಬಂದ ಹೊಸತರಲ್ಲಿ, ಒಂದು ಮಳೆಗಾಲದ ನಡುವಿನಿಂದ ಸಂಕ್ರಾಂತಿ ದಾಟುವವರೆಗೆ, ನಾನು ದಿನವೂ ಅಲ್ಲಿದ್ದೆ.

ಆ ವರ್ಷ ಊರಿನಲ್ಲಿ ಬಂಡೆಗಳು ಕರಗುತ್ತಿದ್ದವು. ಬೆಳಗ್ಗೆ ಬಸ್ಸಿನ ಕಿಟಕಿಯಿಂದ ಕಂಡ ಗುಡ್ಡ ಮುಂದಿನ ತಿಂಗಳು ಇರುತ್ತಿರಲಿಲ್ಲ. ಅದರ ಜಾಗದಲ್ಲಿ ಕಬ್ಬಿಣದ ಸರಳುಗಳು, ಅವುಗಳ ಮೇಲೆ ಹಸಿರು ಬಲೆ, ಆಮೇಲೆ ನೀಲಿ ಗಾಜು. ಮಧ್ಯಾಹ್ನ ಸೀಟಿ ಊದಿ, ಕೆಂಪು ಬಾವುಟ ತೋರಿಸಿ ಬಂಡೆ ಸಿಡಿಸುತ್ತಿದ್ದರು. ನಾನು ಅಮೀರ್‌ಪೇಟೆಯ ಹಾಸ್ಟೆಲಿನಲ್ಲಿದ್ದೆ. ಕೋಣೆಯಲ್ಲಿ ಮೈಸೂರಿನವಳೊಬ್ಬಳು, ಉಡುಪಿಯವಳೊಬ್ಬಳು, ಇಬ್ಬರೂ ಐಟಿಯವರು. ಯಾವ ಕಂಪನಿ ಎಂದು ಕೇಳಿದಾಗ, ತೋಟಗಾರಿಕೆ ಓದಿ, ಆಮೇಲೆ ಉದ್ಯಾನ ವಿನ್ಯಾಸ ಓದಿ, ಈಗ ಒಂದು ಸಣ್ಣ ಆಫೀಸಿನಲ್ಲಿ ಕಟ್ಟಡಗಳ ಹೊರಗಿನ ಜಾಗದ ನಕ್ಷೆ ಮಾಡುತ್ತೇನೆ ಎಂದೆ. ಉಡುಪಿಯವಳು ಸ್ವಲ್ಪ ಯೋಚಿಸಿ, “ಅಂದ್ರೆ ಮಾಲಿಯಾ ಮಾರಾಯ್ತಿ?” ಎಂದಳು. ಹೌದೆಂದೆ. ಅದು ಸುಲಭದ ಉತ್ತರವಾಗಿತ್ತು.

ಆಫೀಸಿನ ಯಜಮಾನರು ವರ್ಧನ್ ಸರ್, ವರಂಗಲ್ ಕಡೆಯವರು. ನನ್ನ ಕೆಲಸ ಆರು ತಿಂಗಳಾದರೂ ಕಾಯಂ ಆಗಿರಲಿಲ್ಲ. ಆ ಕಂಪನಿಯ ತೋಟದಲ್ಲಿ ಒಳಗಿನ ಅಂಗಳವೊಂದನ್ನು ಮಾತ್ರ ಅವರು ನನಗೆ ಬಿಟ್ಟುಕೊಟ್ಟರು. “ಇದು ನಿನ್ನದು. ಚೆನ್ನಾಗಿ ಬಂದರೆ ಮುಂದಿನ ಸೈಟ್ ಪೂರ್ತಿ ನಿನ್ನದು. ಬರದಿದ್ದರೆ ಇನ್ನೆರಡು ವರ್ಷ ಆಫೀಸಿನಲ್ಲಿ ಕೂತು ನನ್ನ ನಕ್ಷೆಗೆ ಗೆರೆ ಎಳೆ.” ಅಂಗಳದ ನಡುವೆ ಆನೆ ಮಲಗಿದಂಥ ಒಂದು ಬಂಡೆಯಿತ್ತು. ಅದನ್ನು ಸಿಡಿಸಬೇಡಿ ಎಂದು ನಾನು ಕೇಳಿಕೊಂಡಿದ್ದೆ. ಅದು ಉಳಿಯಿತು. ಅದರ ಸುತ್ತ ಬೇರೇನೂ ಬೇಡ, ಸೊಂಟದೆತ್ತರದ ಹುಲ್ಲು ಮಾತ್ರ, ಗಾಳಿಗೆ ಬಾಗುವಂಥದ್ದು ಎಂದು ನಕ್ಷೆ ಮಾಡಿದೆ. ಪುಣೆಯ ನರ್ಸರಿಯೊಂದರಿಂದ ಕುಚ್ಚಿನಂಥ ಹೂ ಬಿಡುವ ಹುಲ್ಲಿನ ಸಣ್ಣ ಸಣ್ಣ ಸಸಿಗಳು ಬಂದವು.

ನನಗೆ ಆ ಅಂಗಳ ಸಿಕ್ಕಿದ್ದಕ್ಕೆ ಇನ್ನೊಂದು ಕಾರಣವೂ ಇತ್ತು. ಆ ತೋಟದಲ್ಲಿ ಗಿಡ ಹಚ್ಚುವ ಹೆಂಗಸರು ಯಾದಗಿರಿ ಕಡೆಯವರು. ನನ್ನ ಊರು ಧಾರವಾಡ. “ನಿನಗೆ ಅವರ ಭಾಷೆ ಬರುತ್ತದಲ್ಲ” ಎಂದಿದ್ದರು ವರ್ಧನ್ ಸರ್. ಭಾಷೆ ಬರುತ್ತಿತ್ತು. ಮಾತು ನನಗೆ ಯಾವ ಭಾಷೆಯಲ್ಲೂ ಅಷ್ಟಾಗಿ ಬರುವುದಿಲ್ಲ.

ಹೆಂಗಸರ ಮುಂದಾಳು ಶರಣವ್ವ. ನಲವತ್ತು ದಾಟಿರಬಹುದು. ತಲೆಗೆ ಟವೆಲ್ ಸುತ್ತಿ, ಸೀರೆಯ ಮೇಲೆ ಗಂಡಸರ ಅಂಗಿ ತೊಟ್ಟು, ಕುಕ್ಕರಗಾಲಲ್ಲಿ ಕೂತೇ ತೋಟದ ಈ ತುದಿಯಿಂದ ಆ ತುದಿಗೆ ಸರಿಯುತ್ತಿದ್ದಳು. ಅವಳ ತಮ್ಮನ ಮಗಳು ಮಹಾದೇವಿಗೆ ನಾಲಿಗೆ ಉದ್ದ. ಮೊದಲ ವಾರದಲ್ಲೇ ನನಗೆ ಕೇಳುವಂತೆ ಹೇಳಿದಳು: “ಧಾರವಾಡದವರಲ್ಲೇನು, ಬಾಯಾಗ ಪೇಡಾ ಇಟಗೊಂಡಾರ. ಬಾಯಿ ತಗದ್ರ ಬೀಳ್ತೈತಿ.”

ಹೆಂಗಸರೆಲ್ಲ ನಕ್ಕರು. ಅಂದಿನಿಂದ ನಾನು ಪೇಡಾ ಬಾಯವರು.

“ಮಾತಾಡ್ರೀ ಬಾಯವ್ರ,” ಎನ್ನುತ್ತಿದ್ದಳು ಶರಣವ್ವ, “ಗಿಡಕ್ಕೂ ಮನಷ್ಯಾರ ಧ್ವನಿ ಬೇಕಾಗ್ತೈತಿ.”

“ನೀವು ಮಾತಾಡೋದ ಸಾಕಲ್ರೀ ಅದಕ್ಕ” ಎಂದೆ ಒಂದು ದಿನ. ಅದು ನಾನು ಅವರೊಂದಿಗೆ ಆಡಿದ ಮೊದಲ ತಮಾಷೆ. ಮಹಾದೇವಿ ಕಳೆ ಕೀಳುವ ಕುರ್ಪಿ ಕೆಳಗಿಟ್ಟು, “ಬಿತ್ತವ್ವ ಪೇಡಾ!” ಎಂದು ಕೂಗಿದಳು.

ಊಟದ ಹೊತ್ತಿಗೆ ಬಂಡೆಯ ನೆರಳಿನಲ್ಲಿ ಕೂರುತ್ತಿದ್ದೆವು. ಅವರ ಕಟಿ ರೊಟ್ಟಿ, ಶೇಂಗಾ ಹಿಂಡಿ ಎಂಬ ಚಟ್ನಿಪುಡಿ. ನನ್ನ ಹಾಸ್ಟೆಲಿನ ಅನ್ನ ಸಾಂಬಾರು. ಅಂಥ ಒಂದು ಮಧ್ಯಾಹ್ನ ಶರಣವ್ವ ಹೇಳಿದ ಮಾತು ನನ್ನೊಳಗೆ ಉಳಿಯಿತು. ಹೈದರಾಬಾದಿಗೆ ಬಂದಾಗಿನಿಂದ ಅವಳು ಗಿಡ ಹಚ್ಚುತ್ತಲೇ ಇದ್ದಳು. ಕಟ್ಟಡ ಮುಗಿಯಿತೆಂದರೆ ಶೆಡ್ಡು ಕಿತ್ತು ಇನ್ನೊಂದು ಸೈಟಿಗೆ. “ಇಷ್ಟು ಗಿಡ ಹಚ್ಚೀನ್ರೀ ಈ ಊರಾಗ, ಒಂದರದೂ ಹೂ ನೋಡಿಲ್ಲ. ಹೂ ಬಿಡೂದ್ರಾಗ ಗೇಟಿನಾಗ ಬ್ಯಾರೆ ವಾಚ್‌ಮನ್ ಇರ್ತಾನ, ಒಳಗ ಬಿಡಂಗಿಲ್ಲ.”

ಅವಳ ಆಸೆ ಏನೆಂದು ಎಲ್ಲರಿಗೂ ಗೊತ್ತಿತ್ತು. ಉದ್ಘಾಟನೆಯ ನಂತರ ತೋಟ ನೋಡಿಕೊಳ್ಳಲು ಕಂಪನಿ ಕೆಲವರನ್ನು ಕಾಯಂ ಇಟ್ಟುಕೊಳ್ಳುವುದಿತ್ತು. ಯಾರನ್ನು ಎಂಬುದು ಮೇಜರ್ ಸಾಹೇಬರ ಕೈಯಲ್ಲಿತ್ತು. ಸೈನ್ಯದಿಂದ ನಿವೃತ್ತರಾಗಿ ಆ ಕ್ಯಾಂಪಸ್ಸಿನ ಆಡಳಿತ ನೋಡುತ್ತಿದ್ದ ಪಂಜಾಬಿನವರು, ಬಿಳಿ ಮೀಸೆ, ದಿನಕ್ಕೆ ಎರಡು ಸಲ ಇಡೀ ಕ್ಯಾಂಪಸ್ ಸುತ್ತುತ್ತಿದ್ದರು. ಶರಣವ್ವ ಅವರನ್ನು ಕಂಡಾಗಲೆಲ್ಲ ಕೈ ಮುಗಿಯುತ್ತಿದ್ದಳು. ಅವರು ತಲೆಯಾಡಿಸುತ್ತಿದ್ದರು. ಅದಕ್ಕಿಂತ ಹೆಚ್ಚೇನೂ ನಡೆದಿರಲಿಲ್ಲ.

ದಸರೆಯ ಹೊತ್ತಿಗೆ ಮಳೆ ಹಿಂದೆಗೆಯಿತು. ತಾಳೆ ಗಿಡಗಳನ್ನು ಆರಿಸಲು ವರ್ಧನ್ ಸರ್ ನನ್ನನ್ನು ಗೋದಾವರಿ ದಂಡೆಯ ಕಡಿಯಂ ನರ್ಸರಿಗಳಿಗೆ ಕಳಿಸಿದರು. ನಾನಿಲ್ಲದಾಗ ಕಾಂಟ್ರಾಕ್ಟರನ ಸೂಪರ್‌ವೈಸರ್ ಬಂದು, ಇನ್ನು ನಾಲ್ಕು ದಿನಕ್ಕೆ ಮೇಜರ್ ತಪಾಸಣೆಗೆ ಬರುತ್ತಾರೆ, ಅಂಗಳ ಸಾಫ್ ಮಾಡಿ ಎಂದು ಹೇಳಿ ಹೋದನಂತೆ.

ನಾನು ಮರಳಿ ಬಂದದ್ದು ಬೆಳಗಿನ ರೈಲಿಗೆ. ಚೀಲ ಸಮೇತ ಸೈಟಿಗೇ ಹೋದೆ. ಹೆಂಗಸರು ಸಾಲಾಗಿ ನಿಂತಿದ್ದರು, ಹಬ್ಬದ ಮನೆಯ ಮುಂದೆ ನಿಂತಂತೆ.

“ನೋಡ್ರೀ ಬಾಯವ್ರ,” ಎಂದಳು ಶರಣವ್ವ, ಮುಖ ಅರಳಿಸಿ, “ಕನ್ನಡಿ ಮಾಡೀವಿ.”

ಅಂಗಳ ನಿಜವಾಗಿ ಕನ್ನಡಿಯಂತಿತ್ತು. ಮಣ್ಣು ಸಡಿಲಿಸಿ, ಹೆಂಟೆ ಒಡೆದು, ಅಂಗೈಯಲ್ಲಿ ಸವರಿದ್ದರು. ನನ್ನ ಹುಲ್ಲಿನ ಒಂದು ಸಸಿಯೂ ಇರಲಿಲ್ಲ. ಅವೆಲ್ಲ ಗೋಡೆಯ ಪಕ್ಕ ರಾಶಿಯಾಗಿದ್ದವು, ಬೇರಿನ ಮಣ್ಣು ಜಾಡಿಸಿ, ಮತ್ತೆ ಚಿಗುರದಿರಲೆಂದು ಬೇರು ಮೇಲೆ ಮಾಡಿ. ಬಿಸಿಲಿಗೆ ಒಣಗಿ ಹೊಟ್ಟಾಗಿದ್ದವು. ಅಂಗಳದಲ್ಲಿ ಉಳಿದದ್ದು ತಾವಾಗಿಯೇ ಹುಟ್ಟಿದ್ದ ರಾಜಗಿರಿ ಸೊಪ್ಪು, ಒಂದಿಷ್ಟು ಗೋಳಿ ಸೊಪ್ಪು. ಅವನ್ನು ಪಾತಿ ಮಾಡಿ ನೀರುಣಿಸಿದ್ದರು. ಹೊಲದಲ್ಲಿ ಹುಟ್ಟಿ ಹೊಲದಲ್ಲಿ ಬೆಳೆದವರು. ಬೆಳೆ ಬರಬೇಕಾದ ಮಣ್ಣಿನಲ್ಲಿ ಹುಲ್ಲು ಕಂಡರೆ ಕೈ ತಾನೇ ಹೋಗುತ್ತದೆ. ಮನುಷ್ಯರು ತಿನ್ನುವ ಸೊಪ್ಪನ್ನು ಯಾರಾದರೂ ಕೀಳುತ್ತಾರೆಯೇ?

ಚೀಲ ಕೆಳಗಿಟ್ಟೆ. ಶರಣವ್ವನ ಮುಖ ನನ್ನ ಮುಖ ನೋಡಿಯೇ ಬದಲಾಯಿತು. ರಾಶಿಯ ಕಡೆ ನೋಡಿದಳು, ನನ್ನ ಕಡೆ ನೋಡಿದಳು.

“ಅದ... ಹಚ್ಚಿದ್ದೇನ್ರೀ?”

ತಲೆಯಾಡಿಸಿದೆ.

“ಹುಲ್ಲು ಹಚ್ಚಿದ್ರೇನ್ರೀ?” ಎಂದಳು ಮಹಾದೇವಿ. ಅವಳ ಧ್ವನಿಯಲ್ಲಿ ತಮಾಷೆ ಇರಲಿಲ್ಲ. “ಯಾರಾರ ಹುಲ್ಲು ಹಚ್ತಾರೇನ್ರೀ?” ಆ ಸಸಿಗಳನ್ನು ನೆಟ್ಟದ್ದು ಇನ್ನೊಂದು ಗುಂಪು, ಮಳೆಗಾಲದಲ್ಲಿ, ಇವರು ಆಗ ಕಾಂಪೌಂಡಿನಾಚೆ ಹೊಂಗೆ ಸಸಿಗಳಿಗೆ ಗುಂಡಿ ತೋಡುತ್ತಿದ್ದರು. ಆ ಗುಂಪು ಕೆಲಸ ಮುಗಿಸಿ ಹೋಗಿತ್ತು, ಅದು ಹಚ್ಚಿದ ಹುಲ್ಲೆಂದು ಇವರಿಗೆ ಹೇಳಬೇಕೆಂದು ನನಗೂ ಹೊಳೆದಿರಲಿಲ್ಲ.

ಮೇಜರ್ ಬಂದರು. ರಾಶಿಯನ್ನು ಬೂಟಿನ ತುದಿಯಿಂದ ಮುಟ್ಟಿದರು. ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಉದ್ಘಾಟನೆಗೆ ಹೊರದೇಶದಿಂದ ಕಂಪನಿಯ ದೊಡ್ಡವರು ಬರುತ್ತಾರೆ, ಅಷ್ಟರಲ್ಲಿ ಈ ಅಂಗಳ ತುಂಬಿರಬೇಕು, ಬೋಳಾಗಿದ್ದರೆ ಈ ಗುಂಪು ಅಂದೇ ಗೇಟಿನ ಹೊರಗೆ ಎಂದು ಶಾಂತವಾಗಿ ಹೇಳಿದರು. ನನಗೆ ಹೇಳಿದರು, ಹಿಂದಿಯಲ್ಲಿ. ಹೆಂಗಸರಿಗೂ ಪೂರ್ತಿ ಅರ್ಥವಾಯಿತು.

ಪುಣೆಗೆ ಫೋನ್ ಮಾಡಿದೆ. ಆ ಹುಲ್ಲು ಮುಂದಿನ ಮಳೆಗಾಲದವರೆಗೆ ಇಲ್ಲ ಎಂದರು. ಬೆಂಗಳೂರಿನಲ್ಲೂ ಇರಲಿಲ್ಲ. ವರ್ಧನ್ ಸರ್ ಕುಂಡಗಳ ಮಾತಾಡಿದರು, ಬಂಡೆ ಸಿಡಿಸಿ ಕಾರಂಜಿ ಕಟ್ಟುವ ಮಾತಾಡಿದರು. ಅಂಗಳ ನನ್ನ ಕೈಯಿಂದ ಜಾರುತ್ತಿತ್ತು, ಬಂಡೆಯ ಜೊತೆಗೆ.

ಆ ವಾರ ಗಿಡ ಕಟ್ಟುವ ತೆಂಗಿನ ಹಗ್ಗ ಕೊಳ್ಳಲು ಬೇಗಂ ಬಜಾರಿಗೆ ಹೋಗಿದ್ದೆ. ಹಗ್ಗದ ಅಂಗಡಿಯ ಪಕ್ಕ ಧಾನ್ಯದ ಅಂಗಡಿ, ಹೊರಗೆ ಬಾಯಿ ತೆರೆದ ಚೀಲಗಳು. ಹಗ್ಗ ಅಳೆಯುವವರೆಗೆ ಸುಮ್ಮನೆ ಬಿಳಿಜೋಳದ ಚೀಲದೊಳಗೆ ಕೈ ಇಳಿಸಿ ನಿಂತಿದ್ದೆ. ಚಿಕ್ಕವಳಿದ್ದಾಗಿನ ಅಭ್ಯಾಸ. ಕಾಳು ಒಳಗೆ ತಣ್ಣಗಿರುತ್ತದೆ. ಜೋಳವೂ ಹುಲ್ಲಿನ ಜಾತಿಯೇ ಎಂದು ಕಾಲೇಜಿನ ಮೊದಲ ವರ್ಷ ಓದಿದ್ದು ಆಗ ನೆನಪಾಯಿತು. ಎತ್ತರ ಬೆಳೆಯುತ್ತದೆ. ಗಾಳಿಗೆ ಬಾಗುತ್ತದೆ. ಬಿತ್ತುವ ಕಾಲವೂ ಇದೇ. ಅದನ್ನು ಕಳೆ ಎಂದು ಕೀಳುವ ಕೈ ನನ್ನ ಅಂಗಳದಲ್ಲಿ ಒಂದೂ ಇರಲಿಲ್ಲ.

ಒಂದು ಹಿಡಿ ಕಾಳನ್ನು ಹಾಸ್ಟೆಲಿನಲ್ಲಿ ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟೆ. ಉಡುಪಿಯವಳು ನೋಡಿ, “ಮೊಳಕೆ ಉಸಲಿ ಮಾಡ್ತೀಯಾ?” ಎಂದಳು. ಹೆಚ್ಚುಕಡಿಮೆ ಎಲ್ಲ ಕಾಳೂ ಮೊಳೆತವು. ಬಟ್ಟೆಯ ಸಮೇತ ಆಫೀಸಿಗೆ ಒಯ್ದು ವರ್ಧನ್ ಸರ್ ಮೇಜಿನ ಮೇಲೆ ಬಿಚ್ಚಿದೆ.

“ಜೊನ್ನಲಾ?” ಎಂದರು ತೆಲುಗಿನಲ್ಲಿ. “ಗಾಜಿನ ಕಟ್ಟಡದ ಮುಂದೆ ಜೊನ್ನಲು? ನಮ್ಮ ತಾತ ಇದರಿಂದ ಓಡಿಹೋಗಲಿ ಅಂತ ತಾನೇ ನನ್ನನ್ನು ಓದಿಸಿದ್ದು?” ಸ್ವಲ್ಪ ಹೊತ್ತು ಮೊಳಕೆ ನೋಡುತ್ತ ಕೂತರು. “ಹಾಕು. ಬೇರೆ ದಾರಿ ಇದ್ದಿದ್ದರೆ ಹಾಕು ಅನ್ನುತ್ತಿರಲಿಲ್ಲ.”

ಹೆಂಗಸರಿಗೆ ಹೇಳಿದಾಗ ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಾನು ಗೇಲಿ ಮಾಡುತ್ತಿದ್ದೇನೆ ಎಂದುಕೊಂಡರೋ ಏನೋ. ಆಮೇಲೆ ಶರಣವ್ವ ಸೆರಗು ಬಿಚ್ಚಿ ಉಡಿ ಮಾಡಿ ಮುಂದೆ ಚಾಚಿದಳು. ನಾನು ಬೀಜ ಸುರಿದೆ.

ಜಗಳ ಅಲ್ಲೇ ಶುರುವಾಯಿತು. ನನಗೆ ಬೀಜ ಚೆಲ್ಲಿ ಬಿತ್ತಬೇಕಿತ್ತು, ಕಾಡು ಹುಲ್ಲು ಹುಟ್ಟಿದಂತೆ ಕಾಣಲು. ಅವರು ಸಾಲು ಬಿಡಲು ಸಿದ್ಧರಿರಲಿಲ್ಲ.

“ಸಾಲಿಲ್ಲದ ಜ್ವಾಳ ಎಲ್ಲಿ ಕಂಡೀರ್ರೀ?” ಎಂದಳು ಶರಣವ್ವ. “ನೋಡಿದವರು ಏನಂದಾರು? ಬಿತ್ತಾಕ ಬರದವರು ಬಿತ್ಯಾರ ಅಂತಾರ.”

“ಇಲ್ಲಿ ಯಾರು ನೋಡ್ತಾರ್ರೀ, ಎಲ್ಲಾರೂ ಕಂಪ್ಯೂಟರ್ ಮಂದಿ.”

“ನಾವು ನೋಡ್ತೀವಲ್ರೀ.”

ನನಗೆ ನಕ್ಷೆ ಬಿಡುವ ಮನಸ್ಸಿರಲಿಲ್ಲ. ಕೊನೆಗೆ ಹಗ್ಗದ ಒಂದು ತುದಿಯನ್ನು ಬಂಡೆಯ ಬುಡಕ್ಕೆ ಹಿಡಿದು, ಇನ್ನೊಂದು ತುದಿಯಿಂದ ಬಂಡೆಯ ಸುತ್ತ ಗೆರೆ ಎಳೆದೆ. ಸಾಲು ಸಾಲೇ, ಆದರೆ ಬಾಗಿದ ಸಾಲು. ಕೆರೆಗೆ ಕಲ್ಲೆಸೆದಾಗ ಏಳುವ ಅಲೆಗಳ ಹಾಗೆ.

“ಹಾವು ಹರದಾಡಿದಂಗ ಐತಿ,” ಎಂದಳು ಮಹಾದೇವಿ. “ಎತ್ತಿಗೆ ತಲಿ ತಿರಗ್ತಿತ್ತು.” ಆದರೆ ಬಿತ್ತಿದರು. ಹುಲ್ಲುಹಾಸು ಹಾಕುವಾಗ ಗಂಟೆಗೊಮ್ಮೆ ಎದ್ದು ನಡು ಹಿಡಿದು ನಿಲ್ಲುತ್ತಿದ್ದವರು ಅಂದು ಏಳಲೇ ಇಲ್ಲ.

ಜೋಳ ಹುಟ್ಟಿತು. ಚಳಿ ಬಂತು. ಬೆಳಗಿನ ಮಂಜಿನಲ್ಲಿ ಗಾಜಿನ ಗೋಡೆಯೊಳಗೆ ಇನ್ನೊಂದು ಹೊಲ ಕಾಣುತ್ತಿತ್ತು, ಇದೇ ಹೊಲ, ತಲೆಕೆಳಗಾಗದೆ, ನೀಲಿಯಾಗಿ. ಮೇಜರ್ ದಿನವೂ ಬಂದು ನಿಲ್ಲುತ್ತಿದ್ದರು. “ಯೇ ಕ್ಯಾ ಹೈ? ಖೇತ್?” ಎಂದು ಮೊದಲ ದಿನ ಕೇಳಿದರು, ಇದೇನು ಹೊಲವೇ ಎಂಬಂತೆ. “ಘಾಸ್ ಹೈ ಸರ್,” ಹುಲ್ಲು ಎಂದೆ. ಅದು ಸುಳ್ಳಲ್ಲ. ಸಸಿ ಮೊಣಕಾಲು ದಾಟಿದ ಮೇಲೆ ಕೇಳುವುದು ಬಿಟ್ಟರು. ಒಪ್ಪಿದರೋ ಇಲ್ಲವೋ ಮುಖದಿಂದ ತಿಳಿಯುತ್ತಿರಲಿಲ್ಲ.

ಉದ್ಘಾಟನೆಯ ದಿನ ಗೊತ್ತಾಯಿತು. ಕ್ಯಾಲೆಂಡರ್ ನೋಡಿದ ಶರಣವ್ವನ ಮುಖ ಬಾಡಿತು. ಅಂದು ಎಳ್ಳಮಾವಾಸ್ಯೆ. ಆ ದಿನ ಅವರ ಕಡೆಯವರು ಎಲ್ಲಿದ್ದರೂ ಊರಿಗೆ ಹೋಗುತ್ತಾರೆ. ಹೊಟ್ಟೆಯಲ್ಲಿ ತೆನೆ ಹೊತ್ತು ನಿಂತ ಜೋಳ ಅವರಿಗೆ ಬಸುರಿ ಹೆಂಗಸು. ಅವಳ ಬಯಕೆ ತೀರಿಸಲು ರೊಟ್ಟಿ, ಪಲ್ಯ, ಹೋಳಿಗೆ ಮಾಡಿ ಹೊಲಕ್ಕೆ ಒಯ್ದು, ಬೆಳೆಯ ಮೇಲೆ ಚೆಲ್ಲುತ್ತಾರೆ. ಅದಕ್ಕೆ ಚರಗ ಎನ್ನುತ್ತಾರೆ. ಆದರೆ ಉದ್ಘಾಟನೆಯ ದಿನ ಗೈರಾದವರು ಮತ್ತೆ ಬರುವುದು ಬೇಡ ಎಂದು ಮೇಜರ್ ಹೇಳಿದ್ದರು.

ಹೆಂಗಸರು ಎರಡು ದಿನ ಗುಸುಗುಸು ಮಾತಾಡಿದರು. ಅರ್ಧ ಜನ ಹೋಗುವುದೆಂದರು. ಕೆಲಸ ಇನ್ನೊಂದು ಸಿಗುತ್ತದೆ, ಅಮಾವಾಸ್ಯೆ ತಪ್ಪಿಸಿದರೆ ಭೂಮ್ತಾಯಿಗೆ ಏನು ಹೇಳುವುದು? ಶರಣವ್ವ ಯಾರ ಕಡೆಯೂ ಮಾತಾಡಲಿಲ್ಲ. ಬಂಡೆಗೆ ಒರಗಿ ಜೋಳವನ್ನೇ ನೋಡುತ್ತಿದ್ದಳು. ಎದೆಯೆತ್ತರದ ಬೆಳೆ, ತುದಿಯ ಎಲೆಯ ಬುಡದಲ್ಲಿ ತೆನೆ ಉಬ್ಬಿಕೊಂಡಿತ್ತು.

“ಇಕಿನ ಬಿಟ್ಟು ಹ್ಯಾಂಗ ಹೋಗೂದವಾ,” ಎಂದಳು ಕೊನೆಗೆ. “ಇಕೀನೂ ಬಸರೀನ.”

ಅಮಾವಾಸ್ಯೆಯ ದಿನ ಸೂರ್ಯ ಏಳುವ ಮೊದಲೇ ಅವರು ಬಂದರು. ಹೊಸ ಸೀರೆ, ತಲೆಯ ಮೇಲೆ ಬುಟ್ಟಿ. ಸಜ್ಜೆ ರೊಟ್ಟಿ, ಕಾಳು ಸೊಪ್ಪುಗಳೆಲ್ಲ ಸೇರಿದ ಭಜ್ಜಿ, ಶೇಂಗಾ ಹೋಳಿಗೆ. ಸುಣ್ಣ ಹಚ್ಚಿದ ಐದು ಕಲ್ಲುಗಳನ್ನು ಬಂಡೆಯ ಮಗ್ಗುಲಲ್ಲಿ ಸಾಲಾಗಿ ಇಟ್ಟು ಪೂಜೆ ಮಾಡಿದರು. ಆಮೇಲೆ ಶರಣವ್ವ ಮುಂದೆ, ಮಹಾದೇವಿ ತಂಬಿಗೆ ನೀರು ಹಿಡಿದು ಹಿಂದೆ. “ಹುಲ್ಲುಲ್ಲಿಗೋ!” ಎಂದು ಕೂಗುತ್ತ ಬಾಗಿದ ಸಾಲುಗಳ ಗುಂಟ ರೊಟ್ಟಿ, ಭಜ್ಜಿ ಚೆಲ್ಲುತ್ತ ನಡೆದರು. ಕೂಗು ನಾಲ್ಕೂ ಗಾಜಿನ ಗೋಡೆಗಳಿಗೆ ತಾಗಿ ಮರಳಿ ಬರುತ್ತಿತ್ತು.

ಹಿಂದಿನ ಸಂಜೆ ತೊಳೆಸಿದ್ದ ಕಲ್ಲುಹಾಸಿನ ಮೇಲೆ ಭಜ್ಜಿ ಬಿದ್ದಿತ್ತು. ಮೇಜರ್ ಅಂಗಳದ ಬಾಗಿಲಲ್ಲಿ ನಿಂತಿದ್ದರು. ಕೋಟು, ಟೈ. ಯಾವಾಗ ಬಂದರೋ ನಾನು ನೋಡಿರಲಿಲ್ಲ.

“ಯೇ ಸಬ್ ಕ್ಯಾ ಹೋ ರಹಾ ಹೈ?”

ಕೂಗು ನಿಂತಿತು. ಶರಣವ್ವನ ಕೈ ಬುಟ್ಟಿಯಲ್ಲೇ ಉಳಿಯಿತು. ಹೆಂಗಸರೆಲ್ಲ ನನ್ನ ಕಡೆ ನೋಡಿದರು. ನಾನು ಹೆದರಿದ್ದೆ, ಅವರ ಕೆಲಸ, ನನ್ನ ಕೆಲಸ, ಎರಡೂ ಆ ಕಲ್ಲುಹಾಸಿನ ಮೇಲೆ ಬಿದ್ದಿವೆ ಎನಿಸಿತು. ನನ್ನ ಸ್ವಭಾವಕ್ಕೆ ಸುಮ್ಮನಿರಬೇಕಿತ್ತು. ಬಾಯಿ ತಾನೇ ತೆರೆಯಿತು.

“ಸರ್, ಇದು ಗೋದ್ ಭರಾಯಿ,” ಎಂದೆ ಹಿಂದಿಯಲ್ಲಿ. “ಸೀಮಂತ. ಈ ಬೆಳೆ ಈಗ ಬಸುರಿ. ಇವರು ಇವತ್ತು ಊರಿಗೆ ಹೋಗಬೇಕಿತ್ತು, ಪ್ರತಿ ವರ್ಷ ಹೋಗುತ್ತಾರೆ. ಇವಳನ್ನು ಬಿಟ್ಟು ಹೋಗಲಾಗದೆ ಇಲ್ಲೇ ಉಳಿದರು.”

ಅಷ್ಟು ಉದ್ದದ ಮಾತನ್ನು ನಾನು ಅವರೊಂದಿಗೆ ಎಂದೂ ಆಡಿರಲಿಲ್ಲ. ಮೇಜರ್ ಕೆಳಗೆ ನೋಡಿದರು. ಅವರ ಒಂದು ಬೂಟು ಮಣ್ಣಿನ ಅಂಚಿನ ಮೇಲಿತ್ತು. ಅದನ್ನು ಹಿಂದಕ್ಕೆ ತೆಗೆದುಕೊಂಡರು. ಅದನ್ನು ನೋಡಿದವಳು ನಾನೊಬ್ಬಳೇ ಅಲ್ಲ, ಶರಣವ್ವನೂ ನೋಡಿದಳು. ರೊಟ್ಟಿಯ ಮೇಲೆ ಭಜ್ಜಿ ಹಾಕಿಕೊಂಡು ಸೀದಾ ಅವರ ಮುಂದೆ ಹೋಗಿ ಚಾಚಿದಳು.

“ತಗೋರಿ ಸಾಹೇಬ್ರ. ಬಸರಿ ಮನಿ ಊಟ ಒಲ್ಲೆ ಅನಬಾರದ್ರೀ.”

ಅನುವಾದ ಮಾಡಬೇಕಾಗಲಿಲ್ಲ. ಮೇಜರ್ ನಿಂತೇ ತಿಂದರು, ಟೈಯನ್ನು ಒಂದು ಕೈಯಿಂದ ಹಿಡಿದುಕೊಂಡು. ಕಣ್ಣಲ್ಲಿ ನೀರು ಬಂತು.

“ಮಿರ್ಚಿ ತೇಜ್ ಹೈ,” ಎಂದರು. ಕೈ ಒರೆಸಿಕೊಂಡು, “ಗೆಸ್ಟ್ ಬರುವ ಮೊದಲು ಕಲ್ಲು ತೊಳೆಯಬೇಕು” ಎಂದು ಹೇಳಿ ಹೋದರು. ಮೈನಾಗಳೂ ಗುಬ್ಬಿಗಳೂ ಆ ಕೆಲಸವನ್ನು ಅರ್ಧ ಮುಗಿಸಿಯೇ ಬಿಟ್ಟವು.

ಅತಿಥಿಗಳು ಬಂದರು, ಬಂಡೆಯ ಸುತ್ತ ನಡೆದರು, ಜೋಳದ ಮುಂದೆ ನಿಂತು ಫೋಟೋ ತೆಗೆಸಿಕೊಂಡರು. ಅವರಲ್ಲೊಬ್ಬರು ಇದು ಯಾವ ಹುಲ್ಲು ಎಂದು ಕೇಳಿದರು. ವರ್ಧನ್ ಸರ್ ನನ್ನನ್ನು ಮುಂದೆ ದೂಡಿದರು. ನಾನು ಜೋಳದ ಲ್ಯಾಟಿನ್ ಹೆಸರು ಹೇಳಿದೆ. ಮಹಾದೇವಿ ಹಿಂದಿನಿಂದ, “ಜ್ವಾಳ ಅನ್ರೀ ಬಾಯವ್ರ, ನಾಚಿಕ್ಯಾಕ?” ಎಂದಳು.

ಆದರೆ ಯಾರನ್ನು ಇಟ್ಟುಕೊಳ್ಳುತ್ತಾರೆ ಎಂಬುದು ಅಂದು ತಿಳಿಯಲಿಲ್ಲ. ಸಂಕ್ರಾಂತಿ ಬಂದು ಹೋಯಿತು. ನಾಂಪಲ್ಲಿಯಲ್ಲಿ ವರ್ಷಕ್ಕೊಮ್ಮೆಯ ವಸ್ತುಪ್ರದರ್ಶನ, ನುಮಾಯಿಷ್, ಶುರುವಾಗಿತ್ತು. ಮಹಾದೇವಿ ಅಲ್ಲಿ ಕೊಂಡ ಬಳೆಗಳನ್ನು ಕೆಲಸಕ್ಕೂ ತೊಟ್ಟು ಬರುತ್ತಿದ್ದಳು. ಶೆಡ್ಡುಗಳನ್ನು ಒಂದೊಂದಾಗಿ ಕೀಳುತ್ತಿದ್ದರು. ಶರಣವ್ವ ಪಾತ್ರೆಗಳನ್ನು ಗಂಟು ಕಟ್ಟಿ, ಬಿಚ್ಚಿ, ಮತ್ತೆ ಕಟ್ಟಿದ್ದನ್ನು ನಾನು ನೋಡಿದ್ದೆ.

ಒಂದು ಸಂಜೆ ಮೇಜರ್ ಅಂಗಳದಲ್ಲಿ ನನ್ನನ್ನು ತಡೆದರು. ತೆನೆಗಳು ಅಷ್ಟರಲ್ಲಿ ಹೊರಬಂದಿದ್ದವು. “ಈ ಖೇತ್ ನೋಡಿಕೊಳ್ಳಲು ಬೇರೆ ಯಾರಿಗೆ ಬರುತ್ತದೆ?” ಎಂದರು, ಕೇಳಿದಂತೆ ಅಲ್ಲ, ಹೇಳಿದಂತೆ. “ಇದೇ ಗುಂಪು ಇರಲಿ. ಹೇಳಿಬಿಡಿ.” ಅದೇ ಸಂಜೆ ವರ್ಧನ್ ಸರ್ ಫೋನು ಬಂತು. ಉಪ್ಪಲ್ ಕಡೆ ಹೊಸ ಕ್ಯಾಂಪಸ್, ಪೂರ್ತಿ ನನ್ನದು, ನಾಳೆಯಿಂದಲೇ ಅಲ್ಲಿಗೆ. ಕೆಲಸ ಕಾಯಂ.

ಎರಡು ಸುದ್ದಿಗಳನ್ನೂ ಒಟ್ಟಿಗೇ ಹೇಳಿದೆ. ಮೊದಲನೆಯದಕ್ಕೆ ಮಹಾದೇವಿ ಕೇಕೆ ಹಾಕಿ ಓಡಿದಳು. ಶರಣವ್ವ ಕುಳಿತಲ್ಲೇ ಕುಳಿತಳು. ಟವೆಲಿನಿಂದ ಮುಖ ಒರೆಸಿಕೊಂಡು, ಎರಡನೆಯದನ್ನು ಮತ್ತೊಮ್ಮೆ ಕೇಳಿ ತಿಳಿದುಕೊಂಡಳು.

“ಹಂಗಾರ ಈಗ ನೀವು ಗಂಟು ಕಟ್ಟೋರು,” ಎಂದಳು.

“ಹೂಂ ರೀ. ಹೂ ನೋಡೂದಕ್ಕ ಮೊದಲ.” ನಗಲು ನೋಡಿದೆ.

“ನಾಳೆ ಮುಂಜಾನೆ ಬರ್ರಿ,” ಎಂದಳು ಶರಣವ್ವ. “ಹೊತ್ತು ಮ್ಯಾಲ ಬರೂದ್ರಾಗ. ಜ್ವಾಳದ ಹೂ ತಡಾ ಮಾಡಿದವರಿಗೆ ಕಾಣಂಗಿಲ್ಲ.”

ಕಳೆದ ವಾರ ನಾನು ಹೋದಾಗ ಅವಳು ಅಲ್ಲಿರಲಿಲ್ಲ. ಅಮಾವಾಸ್ಯೆಗೆ ಊರಿಗೆ ಹೋಗಿದ್ದಾಳೆ, ಸಂಬಳದ ರಜೆ, ಸೋಮವಾರ ಬರುತ್ತಾಳೆ ಎಂದು ಗೇಟಿನವನು ಹೇಳಿದ.

ಆ ವರ್ಷ, ಅವಳು ಕರೆದಿದ್ದ ಮರುದಿನ ಬೆಳಗ್ಗೆ, ಉಪ್ಪಲ್ಲಿಗೆ ಹೋಗುವ ಮೊದಲು, ಊರಿನ ಇನ್ನೊಂದು ತುದಿಗೆ ಬಸ್ಸು ಹಿಡಿದು ಆ ಅಂಗಳಕ್ಕೆ ಹೋದೆ. ಶರಣವ್ವ ಕಾಯುತ್ತಿದ್ದಳು. ಒಂದು ತೆನೆಯನ್ನು ನನ್ನ ಎದೆಯ ಮಟ್ಟಕ್ಕೆ ಬಾಗಿಸಿ ಹಿಡಿದಳು. ಹಸಿರು ಕಾಳುಗಳ ನಡುವಿನಿಂದ ಕೂದಲೆಳೆಗಿಂತ ಸಣ್ಣ ದಾರಗಳು, ಪ್ರತಿ ದಾರದ ತುದಿಗೂ ಒಂದು ಹಳದಿ ಚುಕ್ಕೆ, ಎಲ್ಲವೂ ನಡುಗುತ್ತಿದ್ದವು. ಅವಳೂ ಮುಖ ಹತ್ತಿರ ತಂದು ನೋಡಿದಳು. ಆಮೇಲೆ ಬೆರಳಿನಿಂದ ತೆನೆಯನ್ನು ಮೆಲ್ಲಗೆ ತಟ್ಟಿದಳು. ನನ್ನ ಬಲತೋಳಿನ ಮೇಲೆ ಹಳದಿ ಹುಡಿ ಉದುರಿತು. ಉಪ್ಪಲ್ಲಿನ ಬಸ್ಸಿನಲ್ಲಿ ಕಿಟಕಿಯ ಪಕ್ಕದ ಜಾಗ ಖಾಲಿಯಿತ್ತು. ಆ ಹುಡಿಗೆ ಗಾಳಿ ತಾಗದಿರಲೆಂದು ಆಚೆ ಬದಿಯ ಸೀಟಿನಲ್ಲಿ ಕೂತು, ಆ ತೋಳನ್ನು ಮಡಿಲಲ್ಲಿ ಇಟ್ಟುಕೊಂಡು ಹೋದೆ.